ಮೊಲ ಸಾಕುವಂತಿಲ್ಲ

ಡೆಲ್ಮಾ ಮೊಲವನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಪ್ರಾಣಿರಕ್ಷಣಾ ಕಚೇರಿಗೆ ನುಗ್ಗಿದಳು. ಬಿಳಿ ಮೊಲ. ಹಿಂಗಾಲಿಗೆ ಕಟ್ಟಿದ್ದ ಹುರಿ ಇನ್ನೂ ಹಾಗೇ ಇತ್ತು.

ಪಕ್ಕದ ಮನೆಯ ಬೆವನ್ ರೇಸಿನ ನಾಯಿಗಳನ್ನು ತಯಾರು ಮಾಡುವವನು. ಊರಿಗೆಲ್ಲ ಬೇಕಾದವನು. ಪಬ್ಬಿನಲ್ಲಿ ಇಸ್ಪೀಟೆಲೆ ಕಲಸುತ್ತ ಎಲ್ಲರನ್ನೂ ನಗಿಸುತ್ತಾನೆ. ಮಕ್ಕಳ ಹುಟ್ಟುಹಬ್ಬಕ್ಕೆ ಕರೆದರೆ ಕರಿ ಕೋಟು ತೊಟ್ಟು ಹಾಜರು. ಆದರೆ ಅವನ ಶೆಡ್ಡಿನ ಚೀರಾಟ ಬೇಲಿ ದಾಟಿ ಡೆಲ್ಮಾಳಿಗೆ ಕೇಳುತ್ತಿತ್ತು. ನಾಯಿಗಳಿಗೆ ಕೆಚ್ಚು ಬರಲೆಂದು ಅವನು ಅವುಗಳ ಮುಂದೆ ಓಡುವ ಯಂತ್ರಕ್ಕೆ ಜೀವಂತ ಮೊಲ ಕಟ್ಟಿ ಅಟ್ಟಿಸಿಕೊಂಡು ಹೋಗಲು ಬಿಡುತ್ತಿದ್ದ. ಅದು ಅಪರಾಧವೆಂದು ಕಾನೂನೇನೋ ಹೇಳುತ್ತದೆ, ಪಾಪ.

ಅವಳು ದೂರು ಕೊಟ್ಟಾಗಲೆಲ್ಲ ಇನ್‌ಸ್ಪೆಕ್ಟರ್ ಟ್ರೆಂಟ್ ತಪ್ಪದೆ ಹೋಗಿದ್ದ. ಹೋಗುವ ಮುಂಚೆ ತಪ್ಪದೆ ಫೋನೂ ಮಾಡಿದ್ದ. ಅಷ್ಟರಲ್ಲಿ ಶೆಡ್ಡು ತೊಳೆದು, ಚಹಾ ಕಾಯಿಸಿ ಬೆವನ್ ತಯಾರಾಗಿರುತ್ತಿದ್ದ. ಟ್ರೆಂಟ್ ಚಹಾ ಕುಡಿದು, ಏನೂ ಕಾಣಲಿಲ್ಲವೆಂದು ಬರೆದುಕೊಂಡು ಬರುತ್ತಿದ್ದ.

ಈ ಸಲ ಡೆಲ್ಮಾ ಬೇರೆ ದಾರಿ ಹಿಡಿದಳು. ಒಂದು ಕಾಲಕ್ಕೆ ಮೊಲಗಳು ದೇಶದ ಹುಲ್ಲನ್ನೆಲ್ಲ ಬೋಳಿಸಿದ್ದವು. ಅಂದಿನಿಂದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಮನೆಯಲ್ಲಿ ಮೊಲ ಸಾಕುವಂತಿಲ್ಲ, ಮುದ್ದಿಗೂ ಇಲ್ಲ. ಹಿಂಸೆಯ ಕಾನೂನು ತೂಕಡಿಸಿದರೂ ಮೊಲದ ಕಾನೂನು ಕಣ್ಣು ಮುಚ್ಚಿದ್ದಿಲ್ಲ. ಅವಳು ಬೇಲಿ ಹಾರಿದಳು, ಈ ವಯಸ್ಸಿನಲ್ಲಿ.

"ಸಾಕ್ಷಿ ಎಲ್ಲಿ ಅಂತಿದ್ಯಲ್ಲ ಟ್ರೆಂಟ್, ತಗೋ. ಹಿಂಸೆಗೆ ಬೇಡ ಬಿಡು, ಮೊಲ ಇಟ್ಕೊಂಡಿದ್ದಕ್ಕಾದ್ರೂ ಹಿಡಿ ಅವನನ್ನ."

"ಇದು ಬೆವನ್‌ದೇ ಅಂತ ಗ್ಯಾರಂಟೀನಾ?"

"ಅವನ ಶೆಡ್ಡಿಂದ ನಾನೇ ಎತ್ಕೊಂಡು ಬಂದೆ. ಪಂಜರಗಟ್ಟಲೆ ಒಳಗೆ ಹೋಗ್ತವೆ, ಒಂದೂ ಆಚೆ ಬರಲ್ಲ. ಎಲ್ಲಾ ಮಾಯ."

ಟ್ರೆಂಟ್ ಅವಳ ಹೇಳಿಕೆಯನ್ನು ಅಕ್ಷರ ಬಿಡದೆ ಬರೆದುಕೊಂಡು ಬೆವನ್‌ನನ್ನು ಕರೆಸಿದ. ಡೆಲ್ಮಾ ಮೊಲದ ಕಿವಿ ಸವರುತ್ತ, ಇನ್ನು ನಿನಗೆ ಭಯವಿಲ್ಲ ಎಂದು ಪಿಸುಗುಟ್ಟಿದಳು. ಎಷ್ಟೋ ತಿಂಗಳ ಮೇಲೆ ಅವಳ ಮನಸ್ಸು ಹಗುರಾಗಿತ್ತು.

ಬೆವನ್ ಸಿಳ್ಳೆ ಹಾಕುತ್ತ ಬಂದ. ಹುರಿಯ ಬಗ್ಗೆ ಕೇಳಿದ್ದಕ್ಕೆ, ತಪ್ಪಿಸಿಕೊಳ್ಳದಿರಲಿ ಎಂದು ಕಟ್ಟಿದ್ದು ಅಂದ. ಜೇಬಿನಿಂದ ಒಂದು ಕಾರ್ಡು ತೆಗೆದು ತೋರಿಸಿದ. ಟ್ರೆಂಟ್ ತಲೆಯಾಡಿಸಿ, ಟವೆಲ್ಲಿನಿಂದ ಮೊಲವನ್ನು ಬಿಡಿಸಿ ಅವನ ಕೈಗೆ ಕೊಟ್ಟ. ಮೊಲ ಒದ್ದಾಡಿತು. ಆಮೇಲೆ ಟ್ರೆಂಟ್ ಹೊಸ ಹಾಳೆ ತೆಗೆದು ಡೆಲ್ಮಾಳ ಹೆಸರು ಬರೆಯತೊಡಗಿದ.

"ಬೇಲಿ ಹಾರಿದ್ದು ನೀವು. ಲೈಸೆನ್ಸ್ ಇಲ್ಲದೆ ಮೊಲ ಇಟ್ಕೊಂಡಿದ್ದೂ ನೀವೇ, ಡೆಲ್ಮಾ. ಅವನ ಹತ್ರ ಲೈಸೆನ್ಸ್ ಇದೆ."

ಡೆಲ್ಮಾಳ ಕೈಯಲ್ಲಿ ಬರಿಯ ಟವೆಲ್ ಉಳಿದಿತ್ತು. "ಈ ರಾಜ್ಯದಲ್ಲಿ ಮೊಲಕ್ಕೆ ಲೈಸೆನ್ಸ್ ಯಾರಿಗೆ ಕೊಡ್ತಾರೆ?"

"ಜಾದೂಗಾರರಿಗೆ," ಅಂದ ಟ್ರೆಂಟ್. "ಮಾಯ ಮಾಡೋದೇ ಅವರ ಕಸುಬಲ್ವಾ?"