ಹೆಂಗಸರ ಬೋಗಿ

ಮೆಟ್ರೊ ರೈಲಿನ ಬಾಗಿಲು ಮುಚ್ಚಿಕೊಂಡ ಮೇಲೆಯೇ ಮೌರೊಗೆ ಅಮ್ಮ ಕಂಡಿದ್ದು. ಮುಂದಿನ ಹೆಂಗಸರ ಬೋಗಿಯಲ್ಲಿರಬೇಕಾದವಳು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅವನನ್ನೇ ಹುಡುಕುತ್ತಿದ್ದಳು.

"ಅಮ್ಮಾ, ಇದಲ್ಲ! ಮುಂದಿನ ಸ್ಟೇಷನ್ನು!" ಅವನು ಗಾಜು ಬಡಿದ.

"ಗಾಜು ಒಡೆದ್ರೆ ರೈಲು ನಿಲ್ಲುತ್ತಾ ಗುರೂ?" ಎಂದ ಪಕ್ಕದವನು, ಬೆವರು ಒರೆಸಿಕೊಳ್ಳುತ್ತ.

ಅಮ್ಮ ಮೆಕ್ಸಿಕೊ ನಗರ ನೋಡುತ್ತಿರುವುದು ಇದೇ ಮೊದಲು. ಬೆಳಗಿನಿಂದ ಉರಿಬಿಸಿಲಲ್ಲಿ ದೊಡ್ಡ ಇಗರ್ಜಿ, ಹಳೆಯ ಅರಮನೆ ಎಲ್ಲ ಸುತ್ತಿಸಿದ್ದ. "ನಾನು ಇಳಿದ್ರೆ ಮಾತ್ರ ಇಳಿ, ಬಾಗಿಲ ಹತ್ರ ನಿಂತು ನೋಡ್ತಿರು" ಎಂದಿದ್ದ. ಅವನು ಇಳಿದನೋ ಇಲ್ಲವೋ ನೋಡಲೆಂದೇ ಅವಳು ಇಳಿದುಬಿಟ್ಟಿದ್ದಳು. ಜೇಬುಗಳ್ಳರ ಭಯಕ್ಕೆ ಅವನ ಫೋನೂ ಅವಳ ಚೀಲದಲ್ಲೇ ಇತ್ತು. "ಮುದುಕಿ ಚೀಲಕ್ಕೆ ಯಾವನು ಕೈ ಹಾಕ್ತಾನೆ, ಕೊಡು" ಎಂದು ಇಸಿದುಕೊಂಡಿದ್ದಳು.

ರೈಲು ಅಲುಗಿತು. ಅಲ್ಲೇ ಇರು ಎಂದು ಮೌರೊ ಕೈ ಎತ್ತಿ ಸನ್ನೆ ಮಾಡಿದ. ಅಮ್ಮನ ಮುಖ ತಟ್ಟನೆ ಶಾಂತವಾಯಿತು. ಮಗ ಊರಿಂದ ಹೊರಟಾಗಲೆಲ್ಲ ಹೊಸ್ತಿಲಲ್ಲಿ ನಿಂತು ಮಾಡುತ್ತಿದ್ದ ಹಾಗೆಯೇ ಬಲಗೈ ಎತ್ತಿ, ಗಾಳಿಯಲ್ಲಿ ನಿಧಾನವಾಗಿ ಶಿಲುಬೆ ಬರೆದು, ಅವನನ್ನು ಹರಸತೊಡಗಿದಳು.

ಹುಟ್ಟಿದಂದಿನ ಅಭ್ಯಾಸ, ಅವನ ತಲೆ ತಾನಾಗಿ ಬಾಗಿತು. ಎತ್ತುವಷ್ಟರಲ್ಲಿ ಗಾಜಿನಾಚೆ ಸುರಂಗದ ಕತ್ತಲಷ್ಟೇ ಇತ್ತು.