ತಾನೇ ತೆರೆದುಕೊಂಡ ಪುಟ

ಕಲ್ಲಿದ್ದಲ ಹೊಗೆಯ ವಾಸನೆ ಕಿಟಕಿಯಿಂದ ಬಂತು. ಅಪ್ಪ ರೈಲ್ವೆ ಗ್ಯಾಂಗಿನಲ್ಲಿದ್ದಾಗ ಅವನ ಅಂಗಿಗೆ ಮುಖ ಒತ್ತಿದಾಗೆಲ್ಲ ಜೀವರತ್ನಳಿಗೆ ಸಿಗುತ್ತಿದ್ದ ವಾಸನೆ. ಆಗ ಅದೆಂದರೆ ಎಲ್ಲಿಗಾದರೂ ಹೋಗುವ ಆಸೆ. ಈಗ ಅದು ಎದೆ ಹಿಂಡಿತು. ಮೈಸೂರಿನ ಗಾಡಿ ಅರಸೀಕೆರೆ ಬಿಡಲು ಇನ್ನು ಒಂದೇ ಗಂಟೆ.

ನಾಳೆ ಹಾಜರಾಗದಿದ್ದರೆ, ಮೂವತ್ತೈದನೇ ಇಸವಿಯ ದಾದಿಯರ ತರಬೇತಿಯಲ್ಲಿ ಅವಳ ಜಾಗ ಬೇರೆಯವರಿಗೆ ಎಂದು ಆಸ್ಪತ್ರೆಯ ಕಾಗದದಲ್ಲಿತ್ತು. ಗಂಡ ಸಮುವೇಲ ತೀರಿಕೊಂಡು ಎರಡು ವರ್ಷ. ಇಪ್ಪತ್ತೆರಡರ ವಿಧವೆಗೆ ಬೇರೆ ದಾರಿ ಯಾವುದಿತ್ತು?

ಆದರೆ ದೇವರು ಬೇಡವೆನ್ನುತ್ತಿದ್ದ. ಅವರ ಸಭೆಯ ಕ್ರೈಸ್ತರು ಎಷ್ಟೋ ಜನ ಮಾಡುವಂತೆ, ಅವಳು ಪ್ರಾರ್ಥಿಸಿ, ಕಣ್ಣು ಮುಚ್ಚಿ, ವೇದಪುಸ್ತಕ ತೆರೆದು ಬೆರಳಿಡುತ್ತಿದ್ದಳು. ಬೆರಳು ಬಿದ್ದ ಕಡೆಯ ಮಾತೇ ದೇವರ ಉತ್ತರ. ಕಳೆದ ಮೂರು ದಿನವೂ ಅದೇ ಪುಟ. ಗಂಡ ಸತ್ತ ಮೇಲೂ ಅತ್ತೆಯ ಕೈಬಿಡದ ಸೊಸೆಯ ಕಥೆ.

"ಏನಂತಮ್ಮ ದೇವ್ರು?" ಅತ್ತೆ ಅಂಕಮ್ಮ ತಪ್ಪದೆ ಕೇಳುತ್ತಿದ್ದಳು.

"ಇಲ್ಲೇ ಇರು ಅಂತ."

"ಓಹೋ. ನಾಳೀಕೆ ಇನ್ನೊಂದ್ ಕಿತ ಕೇಳ್ನೋಡು."

ಮುದುಕಿಯ ಮುಖದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಭಾನುವಾರ ಆರಾಧನೆ ಮುಗಿದ ಮೇಲೆ ಅವಳು ಉಪದೇಶಿ ಜವರಯ್ಯನವರನ್ನು ಬೇಲಿಯ ಪಕ್ಕಕ್ಕೆ ಕರೆದು ಪಿಸುಗುಟ್ಟಿದ್ದಳು. ಸೊಸೆ ಹತ್ತಿರ ಬಂದೊಡನೆ ಇಬ್ಬರೂ ಮಾತು ಬದಲಿಸಿದ್ದರು.

ಕಡೆಯ ಬಾರಿ ಕೇಳೋಣವೆಂದು ಜೀವರತ್ನ ಗೋಡೆಯ ಗೂಡಿಗೆ ಕೈ ಹಾಕಿದಳು. ಪುಸ್ತಕವಿಲ್ಲ. ಅಡುಗೆಮನೆಗೆ ಹೋದಳು. ಅದು ಮಣೆಯ ಮೇಲೆ ಅಗಲವಾಗಿ ಬಿಚ್ಚಿಕೊಂಡಿತ್ತು. ಪುಟದ ಮೇಲೆ ಮಡಿಸಿದ ಹಳೇ ಸೀರೆಯ ತುಂಡು, ಅದರ ಮೇಲೆ ಒರಳಿನ ಗುಂಡುಕಲ್ಲು. ಅಂಕಮ್ಮ ಎರಡೂ ಕೈಯಿಂದ ಕಲ್ಲನ್ನು ಅದುಮುತ್ತಿದ್ದಳು.

ಜೀವರತ್ನಳಿಗೆ ಎಲ್ಲ ಅರ್ಥವಾಯಿತು.

"ಇಷ್ಟು ದಿನ ನನ್ ಜೊತೆ ಮಾತಾಡಿದ್ದು ದೇವ್ರಲ್ಲ, ನೀವು. ನನ್ನ ಕಟ್ಟಿಹಾಕೋಕೆ ಹಗ್ಗ ಸಾಲ್ದೆ ವೇದಾನೇ ಬೇಕಾಯ್ತಾ ಅತ್ತೆ?"

ಅಂಕಮ್ಮ ಕಲ್ಲನ್ನು ಪಕ್ಕಕ್ಕಿಟ್ಟು, ಪುಸ್ತಕವನ್ನು ಅವಳ ಮುಂದೆ ಸರಿಸಿದಳು. ಅದು ಆ ಸೊಸೆಯ ಪುಟವಾಗಿರಲಿಲ್ಲ. ಅದಕ್ಕಿಂತ ಬಹಳ ಹಿಂದಿನದು. ದೇವರು ಕರೆದನೆಂದು ಮನೆಮಂದಿಯನ್ನು ಬಿಟ್ಟು, ಕಾಣದ ನಾಡಿಗೆ ಹೊರಟವನ ಕಥೆ. ಅಂಚಿನಲ್ಲಿ ಉಪದೇಶಿಗಳ ಪೆನ್ಸಿಲ್ ಗುರುತು.

"ನಂಗೆ ಅಕ್ಸರ ಬರಾಕಿಲ್ಲ. ಅವ್ರೇ ತೋರುಸ್ಕೊಟ್ರು. ಮೂರ್ ದಿನದಿಂದ ಅದುಮ್ತಾ ಇದೀನಿ. ಏನ್ ಮಾಡುದ್ರೂ ಇದು ಆ ಕಡೀಕೇ ಮಗುಚ್ಕೊತದೆ. ನನ್ ಮಗ ದಿನಾ ನಂಗೆ ಆ ಸೊಸೆ ಕಥೆನೇ ಓದೀ ಓದೀ, ಇದರ ಬೆನ್ನು ಅಲ್ಲೇ ಮುರ್ದೋಗೈತೆ."

ಜೀವರತ್ನ ಆ ಪೆನ್ಸಿಲ್ ಗುರುತಿನ ಮೇಲೆ ಬೆರಳಿಟ್ಟಳು. "ಹೋಗು ಅಂತ ನೀವೇ ಒಂದ್ ಮಾತು..."

"ನಾನ್ ಅಂದಿದ್ರೆ ನೀನು ನನ್ ಮುಖ ನೋಡ್ಕೊಂಡು ನಿಂತ್ಬಿಡ್ತಿದ್ದೆ. ದೇವ್ರು ಅಂದಿದ್ರೆ ಹೋಯ್ತಿದ್ದೆ ಕಣವ್ವ" ಎಂದ ಅಂಕಮ್ಮ, ಒಲೆಯ ಪಕ್ಕದಲ್ಲಿ ಆಗಲೇ ಕಟ್ಟಿಟ್ಟಿದ್ದ ಬುತ್ತಿಯನ್ನು ತೆಗೆದು ಮೆಲ್ಲಗೆ ಸೊಸೆಯ ಕೈಗಿಟ್ಟಳು.