ಮೀಟರಿನಲ್ಲಿ ಸೊನ್ನೆ

"ಓಝೋನ್ ಸೊನ್ನೆ. ಕಣ್ಣು ಬಿಟ್ಟು ನೋಡು," ಎಂದು ಭಾವ ಮೀಟರನ್ನು ನಾದಿನಿಯ ಮೂಗಿನವರೆಗೂ ತಂದ. "ಇನ್ನು ನೀರು ಬಿಡೋಕೆ ಯಾರ ಅಪ್ಪಣೆ ಬೇಕು?"

ಅವಳ ಕೈಯಲ್ಲಿ ಬಕೆಟ್ ಇತ್ತು. ಓಝೋನ್ ಹಾಯಿಸಿ ಶುದ್ಧ ಮಾಡಿದ ಸಮುದ್ರದ ನೀರು, ಅದರಲ್ಲಿ ಹತ್ತು ಮರಿಮೀನು. ಹೊಸ ನೀರನ್ನು ತೊಟ್ಟಿಗೆ ಬಿಡುವ ಮೊದಲು ಹೀಗೆ ಹತ್ತು ಮರಿ ಹಾಕಿ ಒಂದು ಗಂಟೆ ಕಾಯುವುದು ಆ ಮೀನು ಸಾಕಣೆ ಕೇಂದ್ರದ ಹಳೆಯ ರೂಢಿ. ಮೀಟರ್ ಬಂದ ಮೇಲೆ ಕೇಂದ್ರದ ಮುಖ್ಯಸ್ಥನಾದ ಭಾವನಿಗೆ ಆ ಬಕೆಟ್ ಕಂಡರೇ ನಗು.

"ಒಂದೇ ಗಂಟೆ ಭಾವ. ಇದ್ದಿಲಿನ ಫಿಲ್ಟರ್ ಬೇರೆ ಕೆಟ್ಟು ಕೂತಿದೆ."

"ಓಝೋನೇ ಇಲ್ಲದ ಮೇಲೆ ಇದ್ದಿಲು ಏನನ್ನ ಸೋಸುತ್ತೆ, ನಿನ್ನ ತಲೆನಾ? ಅಲ್ಲಿ ತೊಟ್ಟಿ ನೀರು ಕೆಡ್ತಾ ಇದೆ. ನಿನ್ನ ಅನುಮಾನಕ್ಕೆ ಮರಿಗಳನ್ನ ಕೊಲ್ಲಲಾ?"

ಮರಿಗಳೆಂದರೆ ಅವನಿಗೆ ಪ್ರಾಣ. ನಾಲ್ಕು ವರ್ಷ ಸತಾಯಿಸಿದ ತಾಯಿಮೀನು ಕೊನೆಗೂ ಮೊಟ್ಟೆಯಿಟ್ಟ ದಿನ ಊಟ ಮರೆತು ತೊಟ್ಟಿಯ ಮುಂದೆ ಕೂತವನು ಅವನೇ. ಇವು ಉಳಿಯದಿದ್ದರೆ ಕೇಂದ್ರಕ್ಕೆ ಬೀಗ ಬೀಳುವುದೂ ಅವನಿಗೆ ಗೊತ್ತಿತ್ತು. ವಾಲ್ವ್ ತಿರುಗಿಸಿದ. ತಿಳಿಯಾದ ನೀರು ತೊಟ್ಟಿಗೆ ಇಳಿಯಿತು.

ಮುಕ್ಕಾಲು ಗಂಟೆಯ ನಂತರ ನಾದಿನಿ ಬಕೆಟ್ ತಂದು ಅವನ ಕಾಲ ಬಳಿ ಇಟ್ಟಳು. ಹತ್ತೂ ಸತ್ತು ತೇಲುತ್ತಿದ್ದವು.

"ನಿಮ್ಮ ಮೀಟರ್ ಸುಳ್ಳು ಹೇಳಿಲ್ಲ ಭಾವ, ಓಝೋನ್ ಹೋಗಿದೆ. ಆದ್ರೆ ಹೋಗೋ ಮುಂಚೆ ಸಮುದ್ರದ ನೀರಲ್ಲಿರೋ ಬ್ರೋಮೈಡನ್ನ ಬ್ರೋಮಿನ್ ಅನ್ನೋ ವಿಷ ಮಾಡಿಟ್ಟು ಹೋಗಿದೆ. ಅದು ಮೀಟರಿಗೆ ಕಾಣಲ್ಲ, ಬೇಗ ಹೋಗೋದೂ ಇಲ್ಲ. ಇದ್ದಿಲು ಬೇಕಿದ್ದದ್ದು ಅದಕ್ಕೆ."

ಭಾವ ಎದ್ದುಬಿದ್ದು ಓಡಿದ. ವಾಲ್ವ್ ಮುಚ್ಚಿ, ತೊಟ್ಟಿಯಿಂದ ಅಗಲವಾದ ಬಿಳಿ ಬಟ್ಟಲಿಗೆ ನೀರು ಮೊಗೆದು ನೆಲದ ಮೇಲಿಟ್ಟ. ಒದ್ದೆ ನೆಲವೆಂದೂ ನೋಡದೆ ಬೋರಲು ಮಲಗಿ, ಮುಖವನ್ನು ಬಟ್ಟಲಿನ ಅಂಚಿಗೆ ತಂದ. ಎಳ್ಳಿನಷ್ಟು ಪುಟ್ಟ ಮರಿಗಳು ಮೇಲೆ ತೇಲುತ್ತಿದ್ದವು. ಓಡಿದ ಏದುಸಿರು ಅವನಿಗಿನ್ನೂ ಇಳಿದಿರಲಿಲ್ಲ.

"ಅಲ್ನೋಡು! ಅದೊಂದು ಅಲ್ಲಾಡ್ತಿದೆ! ಬದುಕಿದೆ ಕಣೇ!"

ನಾದಿನಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ಅವನ ಮೇಲಿದ್ದ ಸಿಟ್ಟೆಲ್ಲ ಇಳಿದು ಅವಳಿಗೆ ಅಳು ಬಂತು.

"ಭಾವ, ಒಂದು ಕ್ಷಣ ಉಸಿರು ಹಿಡ್ಕೊಳ್ಳಿ," ಎಂದಳು.

ಅವನು ಹಿಡಿದುಕೊಂಡ. ಮರಿಯ ಅಲುಗಾಟ ನಿಂತಿತು.